ಎಂಟರಕ್ಕನ ನೀಲಿ ಕೋಟು

ಮಾರ್ಚ್ 3, ಸೋಮವಾರ

ಇವತ್ತೂ ಎಂಟು ಗಂಟೆಯ ಸುದ್ದಿಗೆ ಎಂಟರಕ್ಕ ಬರಲಿಲ್ಲ. ಅಂಗಡಿಯ ಶಟರ್ ಎಳೆದು, ಮೆಟ್ಟಿಲು ಹತ್ತಿ, ಕೈಕಾಲು ತೊಳೆದು ಟೀವಿ ಮುಂದೆ ಕೂತರೆ ಪರದೆಯ ಮೇಲೆ ಮತ್ತೆ ಅದೇ ಬಾಚಣಿಗೆ. ಅವನಿಗೊಂದು ಹೆಸರಿದೆ, ಕೆಳಗೆ ದೊಡ್ಡದಾಗಿ ಬರೆದೂ ತೋರಿಸುತ್ತಾರೆ. ನಾನು ಓದಿಲ್ಲ, ಓದುವುದೂ ಇಲ್ಲ. ತಲೆಗೂದಲನ್ನು ಗೆರೆ ಎಳೆದ ಹಾಗೆ ಬಾಚಿಕೊಂಡು ಬಂದು ಇನ್ನೊಬ್ಬರ ಕುರ್ಚಿಯಲ್ಲಿ ಕೂರುವವನಿಗೆ ಬಾಚಣಿಗೆ ಎನ್ನುವ ಹೆಸರೇ ಹೆಚ್ಚಾಯಿತು. ಸೇತುವೆ ಕುಸಿದ ಸುದ್ದಿಗೂ ನಗು, ಪಂದ್ಯ ಗೆದ್ದ ಸುದ್ದಿಗೂ ಅದೇ ನಗು.

ಹನ್ನೊಂದು ವರ್ಷ ಎಂಟು ಗಂಟೆಯ ಸುದ್ದಿ ಓದಿದವಳು ಎಲ್ಲಿ ಹೋದಳು ಎಂದು ಚಾನೆಲ್ಲಿನವರು ಒಂದು ಮಾತು ಹೇಳಬಾರದೇ? ನಮ್ಮ ಬೀದಿಯ ಹಾಲಿನವನು ಎರಡು ದಿನ ಬರುವುದಿಲ್ಲವೆಂದರೆ ಮೊದಲೇ ಮನೆಮನೆಗೆ ಹೇಳಿ ಹೋಗುತ್ತಾನೆ. ಇವರಿಗೆ ಅಷ್ಟೂ ಮರ್ಯಾದೆ ಇಲ್ಲ. ಮೈಯೆಲ್ಲ ಉರಿಯುತ್ತಿದೆ. ಈ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ ಎಂದು ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಬರೆಯಲು ಕೂತಿದ್ದೇನೆ.

ಪುಟ್ಟಿಯೂ ಪಕ್ಕದಲ್ಲಿದ್ದಳು. ತಂಗಿಗೆ ನಲವತ್ತು ದಾಟಿದರೂ ನನಗೆ ಪುಟ್ಟಿಯೇ. ಅಮ್ಮ ಹೋದ ಮೇಲೆ ಈ ಎರಡು ಕೋಣೆಯಲ್ಲಿ ನಾವಿಬ್ಬರೇ. ಕೆಳಗೆ ನನ್ನ ಹೊಲಿಗೆ ಅಂಗಡಿ, ಎದುರು ಸಾಲಿನಲ್ಲಿ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿ. ಎಂಟರಕ್ಕ ಸುದ್ದಿ ಮುಗಿಸಿ, ಕಾಗದಗಳನ್ನು ಮೇಜಿನ ಮೇಲೆ ಕುಟ್ಟಿ ಜೋಡಿಸಿಕೊಂಡು, "ನಾಳೆ ಮತ್ತೆ ಕೂರೋಣ" ಎನ್ನುವಾಗ ನಾವಿಬ್ಬರೂ ಜೊತೆಗೆ ಹೇಳುತ್ತಿದ್ದೆವು. ಬಾಚಣಿಗೆ "ಶುಭರಾತ್ರಿ" ಅಂದ. ತಟ್ಟನೆ ಟೀವಿ ಆರಿಸಿದೆ. ಪುಟ್ಟಿ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದಳು. ಅವಳಿಗೂ ಹೊಟ್ಟೆಗೆ ಸೇರುತ್ತಿಲ್ಲ. ಬಾಯಿ ಬಿಟ್ಟು ಹೇಳುವವಳಲ್ಲ, ಆದರೂ ಎಂಟರಕ್ಕನ ಮೇಲೆ ಅಭಿಮಾನ ಇದೆ.

ಮಾರ್ಚ್ 4, ಮಂಗಳವಾರ

ಫೋನು ತೆಗೆದರೆ ಸಾಕು, ಬಾಯಿಗೊಂದು ಕಥೆ. ಎಂಟರಕ್ಕ ಸಂಬಳ ಜಾಸ್ತಿ ಕೇಳಿದಳಂತೆ. ಚುನಾವಣೆಗೆ ನಿಲ್ಲುತ್ತಾಳಂತೆ. ಮಾಲೀಕರ ಮಗನಿಗೆ ಕಪಾಳಕ್ಕೆ ಬಿಟ್ಟಳಂತೆ. (ಇದು ನಿಜವಾಗಿದ್ದರೆ ಸಂತೋಷ.) ಎಲ್ಲಕ್ಕಿಂತ ಹೊಲಸು "ಬಾಗಿಲ ಸಂದಿ" ಎನ್ನುವ ಗಾಸಿಪ್ ಚಾನೆಲ್ಲು. ಅದರಲ್ಲಿ ಕಪ್ಪು ಕನ್ನಡಕ ಹಾಕಿಕೊಂಡವನೊಬ್ಬ ಕಾರಿನಲ್ಲಿ ಕೂತು, ತಾನು ಎಂಟರಕ್ಕನ ಸ್ವಂತ ಅಣ್ಣ ಎನ್ನುವಂತೆ ಮಾತಾಡುತ್ತಾನೆ. ಅವಳು ಗುಟ್ಟಾಗಿ ಮದುವೆಯಾದಳಂತೆ. ಇವನೇನು ಸಾಕ್ಷಿಗೆ ಹೋಗಿದ್ದನೇ?

ಮೂರು ಸಲ ನೋಡಿದೆ ಅದನ್ನು. ಏನೆಲ್ಲ ಬೊಗಳಿದ್ದಾನೆ ಎಂದು ತಿಳಿಯಬೇಕಲ್ಲ.

ಮಾರ್ಚ್ 6, ಗುರುವಾರ

ಔಷಧಿ ಅಂಗಡಿಯವರು ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದರು. ಅಳತೆ ಹಿಡಿಯುತ್ತಾ ಎಂಟರಕ್ಕನ ವಿಷಯ ತೆಗೆದೆ. "ಯಾರು ಓದಿದ್ರೂ ಸುದ್ದಿ ಸುದ್ದೀನೇ ಅಲ್ವೇನ್ರೀ?" ಅಂದರು. ಬಾಯಲ್ಲಿ ಗುಂಡುಸೂಜಿ ಇತ್ತು, ಅವರ ಪುಣ್ಯ. ಒಂದು ಕಾಲನ್ನು ಅರ್ಧ ಇಂಚು ಗಿಡ್ಡ ಮಾಡಿಕೊಡೋಣ ಅನಿಸಿತು. ಮಾಡಲಿಲ್ಲ. ಕಸುಬಿಗೆ ದ್ರೋಹ ಮಾಡುವವಳಲ್ಲ ನಾನು.

ಸಂಜೆ ಪುಟ್ಟಿ ಅವಳ ಕೋಟು ತಂದಳು. ಅವರ ಅಂಗಡಿಯಲ್ಲಿ ಎಲ್ಲರೂ ನೀಲಿ ಕೋಟು ಹಾಕಬೇಕು. ಅಂಗಡಿಯವರು ಕೊಟ್ಟದ್ದು ಗೋಣಿಚೀಲದ ಹಾಗಿತ್ತು ಎಂದು ಹೋದ ವರ್ಷ ನಾನೇ ಬಟ್ಟೆ ತೆಗೆದು ಹೊಲಿದುಕೊಟ್ಟಿದ್ದೆ, ಎಂಟರಕ್ಕನ ಕೋಟಿನ ಕಾಲರು ನೋಡಿಕೊಂಡು.

"ಅಕ್ಕ, ಇದನ್ನ ಎರಡೂ ಪಕ್ಕ ಒಂಚೂರು ಬಿಗಿ ಮಾಡ್ಕೊಡೇ. ಸಡಿಲ ಆಗಿದೆ."

"ಸಡಿಲ ಆಗಕ್ಕೆ ಅದೇನು ರಬ್ಬರ್ರಾ? ಅಲ್ಲಿಡು, ನೋಡ್ತೀನಿ."

ಮದುವೆ ಉಡುಪುಗಳ ರಾಶಿ ಬಿದ್ದಿದೆ, ನಡುವೆ ಇದೊಂದು. ಬೇಗ ಹೊಲಿದು ಬಿಸಾಕಿದೆ. ಆಮೇಲೆ ಬಾಚಣಿಗೆಯನ್ನು ನೋಡಿದೆ, ಬೈಯುವುದಕ್ಕೆಂದೇ.

ಮಾರ್ಚ್ 9, ಭಾನುವಾರ

ಕಂಡುಹಿಡಿದೆ. ನನ್ನ ಬಿಟ್ಟು ಇನ್ಯಾರಿಗೂ ಕಾಣದ್ದು ನನಗೆ ಕಂಡಿತು.

ರಜಾ ದಿನವೆಂದು ಬೆಳಗಿನಿಂದ ಎಂಟರಕ್ಕನ ಹಳೆಯ ಸುದ್ದಿಗಳನ್ನು ಫೋನಿನಲ್ಲಿ ಹಾಕಿಕೊಂಡು ಕೂತಿದ್ದೆ. ಡಿಸೆಂಬರಿನಲ್ಲಿ ಬೂದು ಕೋಟು, ಮೈಗೆ ಅಚ್ಚುಕಟ್ಟು. ಫೆಬ್ರವರಿ ಪೂರ್ತಿ ನೀಲಿ ಕೋಟು. ಅಲ್ಲಿದೆ ವಿಷಯ. ಕೋಟಿನ ಭುಜದ ಹೊಲಿಗೆ ಭುಜದ ಮೂಳೆಯ ಮೇಲೆ ಕೂರಬೇಕು. ಇವಳದ್ದು ತೋಳಿಗೆ ಜಾರಿದೆ. ಎದೆಯ ಮುಂದೆ ಮಾತ್ರ ನಯವಾಗಿದೆ, ಕಂಕುಳ ಕೆಳಗಿನ ಸುಕ್ಕುಗಳೆಲ್ಲ ಬೆನ್ನಿನ ಕಡೆಗೆ ಓಡುತ್ತಿವೆ. ಅಂದರೆ ಹಿಂದೆ ಕ್ಲಿಪ್ಪು ಹಾಕಿ ಬಿಗಿದಿದ್ದಾರೆ. ಎರಡು ತಿಂಗಳಲ್ಲಿ ಮೈ ಇಷ್ಟು ಇಳಿಯಬೇಕಾದರೆ ಸುಮ್ಮನೆ ಇಳಿಯುವುದಿಲ್ಲ. ಎಂಟರಕ್ಕನಿಗೆ ಹುಷಾರಿಲ್ಲ. ಹುಷಾರಿಲ್ಲದವಳನ್ನು ಈ ಪಾಪಿಗಳು ಹೊರಗೆ ಹಾಕಿದ್ದಾರೆ.

ಪರದೆಯ ಚಿತ್ರ ತೆಗೆದು, ಭುಜಕ್ಕೊಂದು, ಕಂಕುಳಿಗೊಂದು ಕೆಂಪು ಬಾಣ ಹಾಕಿ ಎಂಟರ ಬಳಗಕ್ಕೆ ಕಳಿಸಿದೆ. ಬಳಗದಲ್ಲಿ ಮುನ್ನೂರು ಜನ ಅಭಿಮಾನಿಗಳಿದ್ದೇವೆ, ನಿವೃತ್ತ ಹೆಡ್‌ಮಾಸ್ಟರೊಬ್ಬರು ನಡೆಸುತ್ತಾರೆ, ಅಲ್ಲಿ ನನ್ನ ಹೆಸರು ಸೂಜಿ. "ಇದು ನಮ್ಮೊಳಗೇ ಇರಲಿ" ಎಂದೂ ಬರೆದೆ. ಅಯ್ಯೋ, ಎಷ್ಟು ಕೈಮುಗಿದವರು, ಎಷ್ಟು ಅತ್ತವರು! ಮೇಷ್ಟ್ರು "ಸೂಜಿಯವರ ಕಣ್ಣೇ ಕಣ್ಣು" ಎಂದು ಬರೆದರು.

ಪುಟ್ಟಿಗೆ ತೋರಿಸಿದರೆ ಮುಖ ಗಂಟು ಹಾಕಿಕೊಂಡಳು.

"ಹೇಳ್ಕೋಬೇಕು ಅನ್ಸಿದ್ರೆ ಅವಳೇ ಹೇಳ್ಕೋತಾಳೆ. ನೀನ್ಯಾಕಕ್ಕ ಊರಿಗೆಲ್ಲ ಹೇಳ್ದೆ?"

"ಊರಿಗೆಲ್ಲೇ ಹೇಳ್ದೆ? ಬಳಗಕ್ಕೆ ಹೇಳ್ದೆ. ಅವರೇನು ಹೊರಗಿನೋರಾ?"

"ಅಳಿಸ್ಬಿಡೇ ಅದನ್ನ. ಮೈಯಲ್ಲಿ ಏನೋ ಆಗಿದೆ ಅಂದ್ರೆ ಎಷ್ಟು ಭಯ ಇರುತ್ತೆ ಗೊತ್ತಾ ನಿಂಗೆ?"

"ನಿಂಗೇನೇ ಗೊತ್ತು, ದೊಡ್ಡ ಡಾಕ್ಟ್ರು ಥರ?"

ಅವಳು ಒಳಗೆ ಹೋಗಿ ಮಲಗಿದಳು. ನಡುಹಗಲಲ್ಲಿ ಮಲಗುವ ಹೊಸ ಚಾಳಿ ಬೇರೆ. ನನ್ನನ್ನು ಮೆಚ್ಚಿ ಒಂದು ಮಾತಾಡಿದರೆ ಇವಳ ಗಂಟೇನು ಹೋಗುತ್ತಿತ್ತು?

ಮಾರ್ಚ್ 11, ಮಂಗಳವಾರ

ಯಾವ ನಾಲಿಗೆ ಇದು! ಯಾವ ದ್ರೋಹಿ!

"ಬಾಗಿಲ ಸಂದಿ"ಯಲ್ಲಿ ನನ್ನ ಚಿತ್ರ. ನಾನು ಹಾಕಿದ ಕೆಂಪು ಬಾಣ, ನನ್ನ ಮಾತು, ಭುಜದ ಹೊಲಿಗೆಯ ಲೆಕ್ಕ ಕೂಡ ಒಂದಕ್ಷರ ಬಿಡದೆ. ಮೇಲೆ "ಎಂಟರ ಚೆಲುವೆಗೆ ಮಾರಕ ಕಾಯಿಲೆ?" ಎಂದು ಬರೆದು, ಹಿಂದೆ ಅಳುವ ಪಿಟೀಲು ಹಾಕಿದ್ದಾನೆ. ಕಪ್ಪು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ, ನಾಟಕದವನು. ಲಕ್ಷಗಟ್ಟಲೆ ಜನ ನೋಡಿದ್ದಾರೆ.

ಅಂಗಡಿಗೆ ಬಂದವರೆಲ್ಲ ಅದೇ ಮಾತು. "ಪಾಪ, ಬದುಕೋದೇ ಕಷ್ಟ ಅಂತಲ್ರೀ?" ಯಾರು ಹೇಳಿದ್ದು ನಿಮಗೆ? ನಾನು ಅಷ್ಟು ಹೇಳಲಿಲ್ಲ. ನಾನು ಹೇಳಿದ್ದು ಕೋಟಿನ ವಿಷಯ. ಒಬ್ಬಳಿಗಂತೂ ಚೆನ್ನಾಗಿ ಜಾಡಿಸಿದೆ. ಅವಳು ಬಟ್ಟೆ ವಾಪಸ್ ತೆಗೆದುಕೊಂಡು ಹೋದಳು. ಹೋಗಲಿ.

ಸೂಜಿ ಮುರಿಯಿತು, ಇನ್ನೊಂದು ಹಾಕಿದೆ, ಅದೂ ಮುರಿಯಿತು. ಪುಟ್ಟಿ ಇವತ್ತು ಅರ್ಧ ದಿನ ರಜೆ ಹಾಕಿದ್ದೇನೆ ಅಂದಿದ್ದಳು, ಸಂಜೆ ನೋಡಿದರೆ ಅಂಗಡಿಯಲ್ಲೇ ಇದ್ದಾಳೆ. ಅವಳ ತಲೆಯೂ ಸರಿಯಿಲ್ಲ.

ಮಾರ್ಚ್ 12, ಬುಧವಾರ

ಮೇಷ್ಟ್ರಿಗೆ ಫೋನು ಮಾಡಿ ಕೇಳಿದೆ, ಯಾರ ಕೆಲಸ ಇದು, ಹೆಸರು ಹೇಳಿ ಎಂದು.

"ಹೆಸರು ಎಲ್ಲಿಂದ ತರ್ಲಿ ತಾಯಿ? ಮುನ್ನೂರು ಜನ ಇರೋ ಕಡೆ ಹಾಕ್ಬಿಟ್ಟು ಒಳಗೇ ಇರ್ಲಿ ಅಂದ್ರೆ ಹೇಗಿರುತ್ತೆ ಹೇಳಿ?"

"ನೀವೇ ತಾನೇ ಕಣ್ಣೇ ಕಣ್ಣು ಅಂದಿದ್ದು?"

"ಅಂದೆ. ಕಣ್ಣಿಗಂದೆ. ಕೈಗೆ ಅನ್ಲಿಲ್ಲ."

ನಲವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಗಂಡಸು, ಈಗ ನನ್ನ ಕಿವಿ ಹಿಂಡಲು ಬಂದಿದ್ದಾರೆ. ಬಾಯಿಗೆ ಬಂದದ್ದು ಹೇಳಿ ಫೋನು ಇಟ್ಟೆ. ಬಳಗದಿಂದಲೂ ಹೊರಗೆ ಬಂದೆ. ಅವರಾಗಿ ಕರೆಯುವ ತನಕ ಹೋಗುವುದಿಲ್ಲ.

ಸಂಜೆಯವರೆಗೂ ಯಾರೂ ಕರೆದಿಲ್ಲ.

ಮಾರ್ಚ್ 14, ಶುಕ್ರವಾರ

ಪುಟ್ಟಿಯೇ ಇರಬೇಕು ಅನಿಸಿತು. ಅವತ್ತು ಅಳಿಸು ಅಳಿಸು ಎಂದು ಹಟ ಹಿಡಿದವಳು ಅವಳೊಬ್ಬಳೇ. ಕನ್ನಡಕದ ಅಂಗಡಿಗೆ ಎಲ್ಲ ಥರದ ಜನ ಬರುತ್ತಾರೆ, ಯಾರ ಹತ್ತಿರವೋ ಬಾಯಿ ಬಿಟ್ಟಿರಬೇಕು. ಮೆಟ್ಟಿಲ ಮೇಲೆ ಸಿಕ್ಕಿದಳು, ಅಲ್ಲೇ ಕೇಳಿಬಿಟ್ಟೆ.

ಅವಳು ಅರ್ಧ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತಿದ್ದಳು. ತುಂಬ ಹೊತ್ತು ಜೋರಾಗಿ ಉಸಿರು ಬಿಡುತ್ತಿದ್ದಳು. ಸಿಟ್ಟು ಬಂದರೆ ಅವಳಿಗೆ ಹಾಗೆ. ಆಮೇಲೆ ಹೇಳಿದಳು:

"ಅಕ್ಕ, ಗುಟ್ಟು ಇಟ್ಕೊಳ್ಳೋದು ನಮ್ಮಿಬ್ಬರಲ್ಲಿ ಯಾರಿಗೆ ಬರುತ್ತೆ, ನೀನೇ ಯೋಚ್ನೆ ಮಾಡು."

ಎಂಥ ಮಾತು! ಮುಖಕ್ಕೆ ಹೊಡೆದ ಹಾಗೆ. ಊಟದ ತಟ್ಟೆ ಅವಳ ಮುಂದೆ ಕುಕ್ಕಿದೆ. ಅವಳು ಮುಟ್ಟಲೇ ಇಲ್ಲ. ನನ್ನ ಮೇಲಿನ ಸಿಟ್ಟನ್ನು ಊಟದ ಮೇಲೆ ತೀರಿಸುತ್ತಾಳೆ, ಚಿಕ್ಕಂದಿನಿಂದಲೂ.

ಮಾರ್ಚ್ 17, ಸೋಮವಾರ

ಮೂರು ದಿನದಿಂದ ಮಾತಿಲ್ಲ. ಬೆಳಿಗ್ಗೆ ಕೆಳಗೆ ಬಂದರೆ ಮೆಷಿನ್ ಮೇಲೆ ಅವಳ ನೀಲಿ ಕೋಟು, ಪಕ್ಕಗಳಲ್ಲಿ ಗುಂಡುಸೂಜಿ ಚುಚ್ಚಿ ಗುರುತು ಮಾಡಿಟ್ಟಿದ್ದಾಳೆ. ಇನ್ನೊಂದು ಸಲ ಬಿಗಿ ಮಾಡಬೇಕಂತೆ. ಮಾತು ಬೇಡ, ಹೊಲಿಗೆ ಬೇಕು! ಹೊಲಿದುಕೊಟ್ಟೆ. ಎಂಟರಕ್ಕನ ಹಾಗೆ ತೆಳ್ಳಗೆ ಕಾಣಬೇಕೆನ್ನುವ ಶೋಕಿ ಇರಬೇಕು ಮಹಾರಾಯ್ತಿಗೆ. ಈ ವಯಸ್ಸಿನಲ್ಲಿ.

ಬಾಚಣಿಗೆ ಇವತ್ತು ಕೆಮ್ಮಿದ. ಸಮಾಧಾನವಾಯಿತು.

ಮಾರ್ಚ್ 21, ಶುಕ್ರವಾರ

ಔಷಧಿ ಅಂಗಡಿಯವರು ಪ್ಯಾಂಟು ಒಯ್ಯಲು ಬಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ತಂಗಿ ಹೇಗಿದಾರೆ?" ಅಂದರು.

"ಅವಳಿಗೇನು, ಗುಂಡುಕಲ್ಲಿನ ಹಾಗಿದಾಳೆ. ನಿಮಗ್ಯಾಕೆ?"

"ಅಲ್ಲ, ಸುಮ್ನೆ ಕೇಳ್ದೆ" ಎಂದು ಹೊರಟುಹೋದರು. ಈ ಊರಿನಲ್ಲಿ ಎಲ್ಲರಿಗೂ ಇನ್ನೊಬ್ಬರ ಮನೆಯ ವಿಷಯವೇ ಬೇಕು. ಕಪ್ಪು ಕನ್ನಡಕದವನೊಬ್ಬನನ್ನೇ ಬೈದು ಏನು ಪ್ರಯೋಜನ?

ಮಾರ್ಚ್ 26, ಬುಧವಾರ

ಏನೂ ಇಲ್ಲ. ಸುದ್ದಿ ಇಲ್ಲ. ಬಳಗವೂ ಇಲ್ಲ. ಹೊಲಿದೆ, ಉಂಡೆ, ಬೈದೆ.

ಮಾರ್ಚ್ 30, ಭಾನುವಾರ

ಎಂಟರಕ್ಕ ಬರುತ್ತಿದ್ದಾಳೆ! ಬೇರೆ ಚಾನೆಲ್ಲಿನಲ್ಲಿ, ನಾಳೆಯಿಂದ, ಅದೇ ಎಂಟು ಗಂಟೆಗೆ. ಬೀದಿ ತುದಿಯಲ್ಲಿ ಆಳೆತ್ತರದ ಫಲಕ ಹಾಕಿದ್ದಾರೆ. ನೋಡಿದ ಕೂಡಲೇ ಕಣ್ಣಲ್ಲಿ ನೀರು ಬಂತು. ರಸ್ತೆಯಲ್ಲಿ ನಿಂತು ಅತ್ತೆ, ಅಷ್ಟೇ. ಯಾರಪ್ಪನ ಗಂಟು?

ಖುಷಿಯಲ್ಲಿ ಪುಟ್ಟಿಯ ಹತ್ತಿರ ಮಾತು ಬಿಟ್ಟದ್ದೂ ಮರೆತುಹೋಯಿತು. "ಏಯ್, ನಾಳೆ ಬೇಗ ಬಾರೇ" ಅಂದೆ. ಅವಳೂ ನಕ್ಕಳು. "ಬರ್ತೀನಿ. ನಾಳೆ ಮತ್ತೆ ಕೂರೋಣ" ಅಂದಳು. ಧ್ವನಿ ಸ್ವಲ್ಪ ಒಡೆದ ಹಾಗಿತ್ತು, ನೆಗಡಿ ಇರಬೇಕು. ಟೀವಿ ಒರೆಸಿದೆ. ಅಮ್ಮನ ಕಾಲದ ಸೋಫಾದ ಮೇಲಿನ ಬಟ್ಟೆಯನ್ನೂ ಬದಲಾಯಿಸಿದೆ.

ಮಾರ್ಚ್ 31, ಸೋಮವಾರ

ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ, ಅದೂ ಎಂಟರಕ್ಕನ ಮೇಲೆ.

ಎಂಟಕ್ಕೆ ಸರಿಯಾಗಿ ಬಂದಳು. ಹಸಿರು ಕೋಟು, ಅವಳಿಗೆಂದೇ ಹೊಲಿದದ್ದು, ಕಂಡರೇ ಗೊತ್ತಾಗುತ್ತಿತ್ತು. ಮುಖ ತುಂಬಿಕೊಂಡಿತ್ತು. ಮೊದಲ ದಿನವೆಂದು ಚಾನೆಲ್ಲಿನ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ನಾಲ್ಕು ಪ್ರಶ್ನೆ ಕೇಳಿದರು. ಆರೋಗ್ಯ ಹೇಗಿದೆ ಎಂದೂ ಕೇಳಿದರು. ಎಂಟರಕ್ಕ ಜೋರಾಗಿ ನಕ್ಕಳು.

"ನನಗೇನೂ ಆಗಿಲ್ಲ ಸಾರ್. ಹಳೇ ಚಾನೆಲ್ ಬಿಟ್ಟೆ, ಇಲ್ಲಿಗೆ ಬರೋವರೆಗೂ ಬಾಯಿ ಬಿಡೋ ಹಾಗಿರಲಿಲ್ಲ, ಅಷ್ಟೇ. ಆ ನೀಲಿ ಕೋಟು ನನ್ನದೇ ಅಲ್ಲ, ಸ್ಟುಡಿಯೋದ್ದು. ಬೆಳಗಿನ ಸುದ್ದಿ ಓದೋರಿಗೂ ನನಗೂ ಒಂದೇ ಕೋಟು. ಅವರು ನನಗಿಂತ ಗಟ್ಟಿಮುಟ್ಟು. ಅವರಿಗೆ ಗುಂಡಿ ಬಿಚ್ಚಿ ಕೂರಿಸ್ತಿದ್ರು, ನನಗೆ ಬೆನ್ನಿಗೆ ಕ್ಲಿಪ್ಪು ಹಾಕಿ ಕೂರಿಸ್ತಿದ್ರು."

ನನಗೆ ಕಿವಿ ಬಿಸಿಯಾಯಿತು. ಬಾಡಿಗೆಗೆ ಕೊಡುವ ಮದುವೆ ಕೋಟುಗಳನ್ನು ಒಬ್ಬನಿಗೆ ಬಿಗಿದು, ಇನ್ನೊಬ್ಬನಿಗೆ ಬಿಚ್ಚಿ ಕೊಡುವವಳು ನಾನು. ಒಂದೇ ಕೋಟಿನೊಳಗೆ ಹತ್ತು ಮೈ ಹೊಕ್ಕು ಬರುವುದು ನನಗೆ ಗೊತ್ತಿಲ್ಲದ್ದೇ? ಆದರೂ ಟೀವಿಯಲ್ಲಿ ಕಂಡದ್ದು ಅವಳದೇ ಎಂದುಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೆ ಸಹಿಸುತ್ತಿದ್ದೆ. ಆಮೇಲೆ ನಗು ನಿಲ್ಲಿಸಿ ನೇರವಾಗಿ ನೋಡಿದಳು. ನನ್ನನ್ನೇ ನೋಡಿದ ಹಾಗಿತ್ತು.

"ನಮ್ಮಮ್ಮ ಆ ಸುದ್ದಿ ನಂಬಿ ಊಟ ಬಿಟ್ಟಿದ್ರು. ಕಂಡೋರ ಮೈಗೆ ಬಾಣ ಹಾಕಿ ತೋರಿಸೋರಿಗೆ ಅವರ ಮನೇಲಿ ನೋಡಕ್ಕೆ ಯಾರೂ ಇಲ್ವೇನೋ ಪಾಪ."

ನಾನು ಎದ್ದು ನಿಂತೆ. ಹನ್ನೊಂದು ವರ್ಷ! ನಿನಗೋಸ್ಕರ ಬಳಗ ಬಿಟ್ಟೆ, ಗಿರಾಕಿ ಬಿಟ್ಟೆ, ಒಡಹುಟ್ಟಿದವಳ ಹತ್ತಿರ ಮಾತು ಬಿಟ್ಟೆ. ನನ್ನ ಮನೆಯಲ್ಲಿ ಯಾರೂ ಇಲ್ಲವೇ?

"ಇದಾಳೆ ನೋಡು, ನನ್ನ ತಂಗಿ! ಇಲ್ಲೇ ಕೂತಿದಾಳೆ!" ಎಂದು ಟೀವಿಗೆ ಕೂಗಿದೆ. ಕೈ ತೋರಿಸಿಯೂ ಕೂಗಿದೆ.

ಪುಟ್ಟಿ ಕೂತಿರಲಿಲ್ಲ. ಸೋಫಾದ ಮೂಲೆಯಲ್ಲಿ ಕಾಲು ಮಡಚಿ ನಿದ್ದೆ ಹೋಗಿದ್ದಳು, ನಾನು ಅಷ್ಟು ಕೂಗಿದರೂ ಏಳಲಿಲ್ಲ. ಕೈ ತಲೆಯ ಮೇಲಿಟ್ಟುಕೊಂಡಿದ್ದಳು. ಅವಳ ಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ಬಂದಿತ್ತು. ಪಟ್ಟಿ ಸಡಿಲವಾಗಿದೆ, ರಿಪೇರಿ ಮಾಡಿಸು ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ ಇವಳು.

ಟೀವಿ ಆರಿಸಿದೆ. ಎಂಟರಕ್ಕ ಕೊನೆಯಲ್ಲಿ ಏನು ಹೇಳಿದಳೋ ಕೇಳಲಿಲ್ಲ.

ಏಪ್ರಿಲ್ 1, ಮಂಗಳವಾರ

ಬೆಳಿಗ್ಗೆ ಪುಟ್ಟಿ ಕೋಟು ಹಿಡಿದುಕೊಂಡು ಬಂದಳು. "ಬೈಬೇಡಕ್ಕ, ಇನ್ನೊಂದೇ ಒಂದು ಸಲ" ಅಂದಳು. ನಾನು ಮೊದಲೇ ಉರಿಯುತ್ತಿದ್ದೆ. ಕಿತ್ತುಕೊಂಡು, ಒಳಗು ಹೊರಗು ಮಾಡಿ, ಪಕ್ಕದ ಹೊಲಿಗೆ ಬಿಚ್ಚಲು ಬ್ಲೇಡು ಹಾಕಿದೆ.

ಒಳಗೆ ನನ್ನದೇ ಮೂರು ಸಾಲು ಹೊಲಿಗೆ. ಹೋದ ವರ್ಷ ಹೊಲಿದದ್ದು ಒಂದು. ಅದರ ಒಳಗೆ ಈಚೆಗೆ ಹಿಡಿದದ್ದು. ಅದಕ್ಕಿಂತ ಒಳಗೆ ಮೊನ್ನೆ ಹಿಡಿದದ್ದು. ಹೊರಗಿನ ಸಾಲಿಗೂ ಒಳಗಿನ ಸಾಲಿಗೂ ನಡುವೆ ನನ್ನ ನಾಲ್ಕು ಬೆರಳು ಹಿಡಿಯುತ್ತಿತ್ತು. ಒಂದು ಪಕ್ಕಕ್ಕೆ ನಾಲ್ಕು ಬೆರಳು, ಇನ್ನೊಂದು ಪಕ್ಕಕ್ಕೂ ಅಷ್ಟೇ. ಈಗ ಅದೂ ಸಡಿಲವಂತೆ.

ಈ ಕೋಟು ಸ್ಟುಡಿಯೋದ್ದಲ್ಲ. ಬಾಡಿಗೆಯದ್ದೂ ಅಲ್ಲ. ಬಟ್ಟೆ ತೆಗೆದವಳು ನಾನು, ಹೊಲಿದವಳು ನಾನು. ಇದನ್ನು ಪುಟ್ಟಿ ಬಿಟ್ಟು ಬೇರೆ ಯಾರೂ ಹಾಕಿಕೊಂಡಿಲ್ಲ.

ತಲೆ ಎತ್ತಿ ನೋಡಿದೆ. ಬಾಗಿಲ ಬೆಳಕಿನಲ್ಲಿ ನಿಂತಿದ್ದಳು. ಅಂಗಿಯ ಭುಜ ತೋಳಿಗೆ ಜಾರಿತ್ತು. ಕತ್ತಿನ ಕೆಳಗೆ ಎರಡೂ ಕಡೆ ಕುಳಿ ಬಿದ್ದಿತ್ತು. ಇವಳನ್ನು ನಾನು ದಿನವೂ ನೋಡುತ್ತೇನೆ. ಪಕ್ಕದಲ್ಲೇ ಕೂತು ಉಣ್ಣುತ್ತೇನೆ.

"ಯಾವಾಗಿಂದ?" ಅಂದೆ. ನನ್ನ ಧ್ವನಿ ನನಗೇ ಜಗಳದ ಹಾಗೆ ಕೇಳಿಸಿತು.

ಅವಳು ಸ್ಟೂಲಿನ ಮೇಲೆ ಕೂತಳು. ಜನವರಿಯಿಂದ ಅಂದಳು. ಕುತ್ತಿಗೆಯಲ್ಲಿ ಗಂಟು ಇದೆ ಅಂದಳು. ನನ್ನ ಕೈ ಹಿಡಿದು ಮುಟ್ಟಿಸಿದಳು. ಇತ್ತು. ಡಾಕ್ಟರ ಹತ್ತಿರ ಫೆಬ್ರವರಿಯಲ್ಲೇ ಹೋಗಿದ್ದಳಂತೆ. ಮಾತ್ರೆಯನ್ನು ಔಷಧಿ ಅಂಗಡಿಯವರ ಹತ್ತಿರವೇ ತಂದಿದ್ದಳಂತೆ. ಸ್ಕ್ಯಾನ್ ಮಾಡಿಸಬೇಕು, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರಂತೆ.

"ಮಾಡಿಸ್ಲಿಲ್ಲ ಯಾಕೆ?"

"ಅರ್ಧ ದಿನ ರಜೆ ಹಾಕಿದ್ದೆ ಕಣೇ. ಆವತ್ತೇ ಆ ಬಾಣದ ಫೋಟೋ ಬಂತು. ಅಂಗಡೀಲಿ ಎಲ್ರೂ ಫೋನ್ ಹಿಡ್ಕೊಂಡು ಪಾಪ ಪಾಪ ಅಂತಿದ್ರು. ಉಳಿಯಲ್ವಂತೆ ಅಂತಿದ್ರು. ಹೋಗಕ್ಕೆ ಕಾಲೇ ಬರ್ಲಿಲ್ಲ."

"ನಂಗೆ ಹೇಳಕ್ಕೇನಾಗಿತ್ತು ನಿಂಗೆ ರೋಗ?"

ರೋಗ ಎನ್ನುವ ಮಾತು ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ನಗಲೂ ಇಲ್ಲ, ಅಳಲೂ ಇಲ್ಲ.

"ಬಳಗಕ್ಕೆ ಹಾಕ್ಬಿಡ್ತೀಯ ಅಂತ ಭಯ ಆಯ್ತಕ್ಕ."

ಬರೆಯಲು ಇನ್ನೇನೂ ಇಲ್ಲ. ಯಾರನ್ನು ಬೈಯಲಿ ಎಂದು ಸಂಜೆಯ ತನಕ ಹುಡುಕಿದೆ. ಕಪ್ಪು ಕನ್ನಡಕದವನನ್ನು ಬೈದು ನೋಡಿದೆ, ಮೇಷ್ಟ್ರನ್ನು ಬೈದು ನೋಡಿದೆ, ಎಂಟರಕ್ಕನನ್ನೂ ಬೈದೆ. ಯಾರ ಮೇಲೂ ಸಿಟ್ಟು ನಿಲ್ಲಲಿಲ್ಲ, ನನ್ನ ಮೇಲೇ ಬಂದು ಕೂತಿತು.

ಏಪ್ರಿಲ್ 2, ಬುಧವಾರ

ಶಟರ್ ಎಳೆದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನಿನವರು ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರ ಅಂತೆ! ಅಲ್ಲೇ ಕೌಂಟರಿನ ಮುಂದೆ ನಿಂತು ಗಂಟಲು ಹರಿದುಕೊಂಡೆ. ಇಷ್ಟು ದಿನ ಬಾಚಣಿಗೆಗೂ ಕಪ್ಪು ಕನ್ನಡಕಕ್ಕೂ ಸುರಿದದ್ದೆಲ್ಲ ಯಾವುದಕ್ಕೆ ಬಂತು? ಇಲ್ಲಾದರೂ ಕೆಲಸಕ್ಕೆ ಬಂತು. ದೊಡ್ಡ ಡಾಕ್ಟರು ಹೊರಗೆ ಬಂದು ನೋಡಿ, ಮಧ್ಯಾಹ್ನವೇ ಮಾಡಿಸಿ ಅಂದರು.

"ಮಾನ ಕಳೀತೀಯಲ್ಲೇ" ಎಂದು ಪುಟ್ಟಿ ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು. ಕಾಯುವ ಜಾಗದಲ್ಲಿ ಗೋಡೆಗೆ ಟೀವಿ ಇತ್ತು. ಏನೋ ಓಡುತ್ತಿತ್ತು. ಪಕ್ಕದ ಹೆಂಗಸು ಫೋನು ಚಾಚಿ, "ಈ ಸುದ್ದಿ ಓದೋಳಿಗೆ ಕಾಯಿಲೆ ಅಂತೆ, ಸುಳ್ಳಾಡ್ತಿದಾಳಂತೆ, ನೋಡಿದ್ರಾ?" ಅಂದಳು. "ನಿಮ್ಮ ಜೊತೆ ಬಂದಿರೋರನ್ನ ನೋಡ್ಕೊಳ್ಳಿ" ಅಂದೆ. ಅವಳ ಮುಖ ಸಣ್ಣದಾಯಿತು. ನನ್ನ ಮಾತು ಒರಟಾಯಿತೇನೋ.

ಏಪ್ರಿಲ್ 7, ಸೋಮವಾರ

ರಿಪೋರ್ಟ್ ಬಂತು. ಡಾಕ್ಟರು ಕಾಗದ ನೋಡಿ, ಪುಟ್ಟಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಆಪರೇಷನ್ ಮಾಡಿ ಗಂಟು ತೆಗೆಯಬೇಕು, ತೆಗೆದು ಪರೀಕ್ಷೆ ಮಾಡಿದ ಮೇಲೇ ಅದು ಎಂಥದ್ದು ಎಂದು ಹೇಳಬಹುದು. ಇನ್ನೂ ಮುಂಚೆ ಬರಬೇಕಿತ್ತು ಅಂದರು. ಹೌದು ಅಂದೆ. ಬಂದದ್ದು ಒಳ್ಳೆಯದಾಯಿತು ಎಂದೂ ಅಂದರು.

ಮೇಷ್ಟ್ರು ಫೋನು ಮಾಡಿದ್ದರು. ಬಳಗಕ್ಕೆ ವಾಪಸ್ ಬನ್ನಿ, ಎಂಟರಕ್ಕ ಬಂದಳಲ್ಲ, ಆದದ್ದು ಆಯಿತು ಅಂದರು. ಪುರುಸೊತ್ತಿಲ್ಲ ಅಂದೆ. "ಏನಾದ್ರೂ ತೊಂದರೆನಾ ತಾಯಿ?" ಎಂದು ಕೇಳಿದರು. ನಾಲಿಗೆಯ ತುದಿಯವರೆಗೂ ಬಂತು. ಏನಿಲ್ಲ ಮೇಷ್ಟ್ರೇ, ಮದುವೆ ಉಡುಪುಗಳ ರಾಶಿ ಬಿದ್ದಿದೆ ಅಂದೆ. ಪುಟ್ಟಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ನಾನು ಒಳಗೆ ಹೋದಾಗ ತಟ್ಟೆಯಲ್ಲಿದ್ದದ್ದನ್ನು ನಿಧಾನವಾಗಿ ತಿನ್ನುತ್ತಿದ್ದಳು.

ಆಪರೇಷನ್ ತನಕ ಕೆಲಸಕ್ಕೆ ಹೋಗುತ್ತೇನೆಂದು ಅವಳ ಹಟ. ಮನೆಯಲ್ಲಿ ಕೂತರೆ ಹೆದರಿಕೆಯಾಗುತ್ತದಂತೆ. ಹಾಗಾಗಿ ಇವತ್ತು ಸಂಜೆ ಆ ಕೋಟಿಗೆ ನಾಲ್ಕನೆಯ ಸಾಲು ಹಾಕಿ, ಭುಜವನ್ನೂ ಒಳಗೆ ಹಿಡಿದೆ. ಅವಳು ಮೆಷಿನ್ ಪಕ್ಕದಲ್ಲೇ ಕೂತಿದ್ದಳು. ತಾನು ಕನ್ನಡಕ ತೋರಿಸುವಾಗ ಮುದುಕರೊಬ್ಬರು ಗಾಜಿಲ್ಲದ ಫ್ರೇಮು ಹಾಕಿಕೊಂಡು, ಆಹಾ ಎಷ್ಟು ಸ್ಪಷ್ಟ ಕಾಣುತ್ತೆ ಎಂದು ಮೆಚ್ಚಿದ ಕಥೆ ಹೇಳಿದಳು. ಇಬ್ಬರೂ ನಕ್ಕೆವು. ನಗುವಾಗ ಗಡಿಯಾರ ನೋಡಿದೆ, ಎಂಟೂವರೆ ಆಗಿಹೋಗಿತ್ತು.

ಕೋಟು ಹಾಕಿಸಿ ನೋಡಿದೆ. ಭುಜ ಸರಿಯಾಗಿ ಕೂತಿತ್ತು.

"ಒಳಗೆ ಎಷ್ಟೊಂದು ಬಟ್ಟೆ ಉಳಿದಿದೆಯಲ್ಲೇ, ಪಕ್ಕಕ್ಕೆಲ್ಲ ಚುಚ್ಚುತ್ತೆ. ಕತ್ತರಿಸಿಬಿಡಕ್ಕ."

"ಕತ್ತರಿಸಲ್ಲ."

"ಯಾಕೆ?"

"ಮತ್ತೆ ಬಿಚ್ಚಿ ಸಡಿಲ ಮಾಡೋವಾಗ ಬಟ್ಟೆ ಎಲ್ಲಿಂದ ತರ್ಲಿ, ನಿಮ್ಮಪ್ಪನ ಮನೆಯಿಂದ್ಲಾ?" ಎಂದು ರೇಗಿದೆ.

"ನಿಮ್ಮಪ್ಪನೂ ಅವರೇ ಕಣೇ" ಅಂದಳು.

ಮಡಿಸಿ ಕುರ್ಚಿಯ ಮೇಲಿಟ್ಟಿದ್ದೇನೆ. ಒಂದು ಎಳೆ ಕತ್ತರಿಸಿಲ್ಲ. ಚುಚ್ಚಿದರೆ ಚುಚ್ಚಲಿ.